ಮೂರನೇ ಕ್ಲಾಸಿನ ಹೆಚ್ಚುವರಿ ದನಿ

ನನಗೆ ನನ್ನ ದನಿಯೆಂದರೆ ಬಹಳ ಪ್ರೀತಿ. ಡಿ.ಎಡ್. ಸೇರಿದ್ದೂ ಬಹುಶಃ ಅದಕ್ಕೇ. ನಾವು ಮಾತಾಡುತ್ತಿದ್ದರೆ ಎದ್ದು ಹೋಗಲಾಗದ ಜನ ಶಾಲೆ ಬಿಟ್ಟರೆ ಬೇರೆಲ್ಲಿ ಸಿಗುತ್ತಾರೆ, ನೀವೇ ಹೇಳಿ. ಹಾಗಾಗಿ ಬೋಧನೆಯ ಅಭ್ಯಾಸಕ್ಕೆ ಕೊಟ್ಟಿಗೆಹಾರದ ಹತ್ತಿರದ ಶಾಲೆಗೆ ಹೋದಾಗ ಮೂರನೇ ಕ್ಲಾಸಿಗೆ ಓದು ಕಲಿಸುವ ನನ್ನ ವಿಧಾನ ಸರಳವಾಗಿತ್ತು: ನಾನು ಹೇಳುವುದು, ಮಕ್ಕಳು ಹಿಂದಿನಿಂದ ಕೂಗುವುದು.

ಕೂಗದೆ ಇದ್ದವಳು ಪವಿತ್ರಾ ಒಬ್ಬಳೇ. ಕಾಫಿ ಎಸ್ಟೇಟಿನ ಕೂಲಿಯವರ ಲೈನ್ ಮನೆಗಳಿಂದ ಬರುತ್ತಿದ್ದ ಹುಡುಗಿ. ಶಾಲೆಯಲ್ಲಿ ಅವಳು ಬಾಯಿ ಬಿಟ್ಟದ್ದನ್ನು ಯಾರೂ ಕೇಳಿರಲಿಲ್ಲ.

"ಮನೇಲಿ ಮಾತಾಡ್ತಾಳಂತೆ. ಓದೋಕೆ ಬರಲ್ಲ, ಅದ್ಕೇ ಇಲ್ಲಿ ಸುಮ್ನಿರ್ತಾಳೆ. ಇನ್ನೊಂದು ತಿಂಗ್ಳು ನೋಡಿ ಒಂದನೇ ಕ್ಲಾಸಿನವ್ರ ಜೊತೆ ಕೂರಿಸ್ತೀನಿ," ಎಂದಿದ್ದರು ಕ್ಲಾಸ್ ಟೀಚರ್ ಲಲಿತಮ್ಮ.

ಅವತ್ತು ಅರ್ಕಾವತ್ತಿನ ಪಾಠ. ಈ ಅರ್ಕಾವತ್ತು ವಿಚಿತ್ರ ಪ್ರಾಣಿ. ಬರೆಯುವಾಗ ಅಕ್ಷರದ ಬೆನ್ನ ಹಿಂದೆ ಕೂರುತ್ತದೆ, ಓದುವಾಗ ಅದಕ್ಕಿಂತ ಮೊದಲೇ ಬಂದು ಕೂಗುತ್ತದೆ. ದನಿ ಒಂದು ಕಡೆ, ಆಸಾಮಿ ಇನ್ನೊಂದು ಕಡೆ. ಮಕ್ಕಳು 'ಪರ್ವತ'ವನ್ನು 'ಪವರ್ತ' ಮಾಡಿ ಒದ್ದಾಡುತ್ತಿದ್ದಾಗ ಕರೆಂಟು ಹೋಯಿತು. ಚಾರ್ಮಾಡಿ ಕಡೆಯ ಮಂಜು ಕಿಟಕಿ ದಾಟಿ ಒಳಗೇ ಬಂತು. ಮೊದಲು ಹಿಂದಿನ ಸಾಲು ಮಸುಕಾಯಿತು, ಆಮೇಲೆ ಮುಂದಿನದೂ.

"ಪರ್ವತ," ಎಂದಿತು ಒಂದು ದನಿ.

ತಗ್ಗಿದ, ಸ್ವಲ್ಪ ಒಡೆದ ದನಿ. ಅಷ್ಟಕ್ಕೇ ನಿಲ್ಲದೆ ನಾನಿನ್ನೂ ಕಲಿಸಿರದ ಸಾಲುಗಳನ್ನು ಒಂದೊಂದಾಗಿ ಓದುತ್ತ ಹೋಯಿತು. ಮುಂದಿನ ಸಾಲಿನ ಸಂಜನಾ ನನ್ನ ಸೆರಗು ಹಿಡಿದು ಪಿಸುಗುಟ್ಟಿದಳು: "ಮಿಸ್, ಅದು ನಮ್ ಕ್ಲಾಸಿನ್ ದನಿ ಅಲ್ಲ."

"ಯಾರದು?" ಎಂದೆ. ಓದು ನಿಂತಿತು. ಮಂಜು ತೆಳುವಾದಾಗ ನೋಡಿದರೆ ಹೊಸಬರು ಯಾರೂ ಇರಲಿಲ್ಲ. ಪವಿತ್ರಾಳ ಬೆರಳು ಮಾತ್ರ ಪುಟದ ಕೊನೆಯ ಸಾಲಿನ ಮೇಲಿತ್ತು. ತುಟಿ ಬಿಗಿಯಾಗಿ ಮುಚ್ಚಿತ್ತು.

ಮಾರನೆಯ ದಿನ ಬಿಸಿಲಿತ್ತು, ಮಂಜಿನ ಮರೆ ಇರಲಿಲ್ಲ. ಓದುವವರನ್ನು ಬಿಟ್ಟು ಉಳಿದವರೆಲ್ಲ ಕಣ್ಣು ಮುಚ್ಚಬೇಕೆಂದು ಹೇಳಿ ನಾನೂ ಮುಚ್ಚಿದೆ. ಆಮೇಲಿನ ಮೌನ ನನ್ನಂಥ ಬಾಯಿಬಡುಕಿಗೆ ಶಿಕ್ಷೆಯೇ. ನಾಲಿಗೆ ಕಚ್ಚಿಕೊಂಡು ಕಾದೆ. ಬಹಳ ಹೊತ್ತಿನ ಮೇಲೆ ಅದೇ ದನಿ ಬಂತು.

ನನ್ನ ಪಾಠ ನೋಡಲು ಕಾಲೇಜಿನಿಂದ ಸರ್ ಬಂದಾಗ ಲಲಿತಮ್ಮನವರೂ ಪಕ್ಕದಲ್ಲಿ ಕೂತರು. "ಸರ್, ನೀವೂ ಕಣ್ಣು ಮುಚ್ಚಿ," ಎಂದಳು ಸಂಜನಾ. ಸರ್ ನನ್ನತ್ತ ಒಮ್ಮೆ ನೋಡಿ ಮುಚ್ಚಿದರು, ಲಲಿತಮ್ಮನವರೂ ನಾನೂ ಮುಚ್ಚಿದೆವು. ಓದು ಶುರುವಾಯಿತು. ಲಲಿತಮ್ಮ ನನ್ನ ಮುಂಗೈ ಹಿಡಿದುಕೊಂಡರು. ಅವರ ಕೈ ತಣ್ಣಗಿತ್ತು.

"ಯಾರ್ದು ಮಾರಾಯ್ತಿ ಈ ದನಿ?"

"ಪವಿತ್ರಂದು."

ಅವರು ಕೈ ಬಿಡಲಿಲ್ಲ. ಒಂದನೇ ಕ್ಲಾಸಿನ ಮಾತನ್ನು ಮತ್ತೆ ಎತ್ತಲೂ ಇಲ್ಲ.

ಓದು ಇನ್ನೂ ನಡೆದಿದ್ದಾಗಲೇ ನೋಡುವ ಆಸೆ ತಡೆಯಲಾರದೆ ನಾನು ಕದ್ದು ಕಣ್ಣು ತೆರೆದೆ. ಒಂದು ವಾಕ್ಯ ಮುಗಿಸಿ ತಲೆಯೆತ್ತಿದ್ದ ಪವಿತ್ರಾ ನೆಟ್ಟಗೆ ನನ್ನನ್ನೇ ನೋಡುತ್ತಿದ್ದಳು. ಎಷ್ಟು ಹೊತ್ತಿನಿಂದ ನೋಡುತ್ತಿದ್ದಳೋ. ಇನ್ನು ಓದು ನಿಂತಿತು ಎಂದುಕೊಂಡೆ. ಅವಳು ಪುಟ ತಿರುಗಿಸಿ ಮುಂದಿನ ವಾಕ್ಯ ಓದಿದಳು. ನಾಚಿ ಕಣ್ಣು ಮುಚ್ಚಿಕೊಂಡವಳು ನಾನೇ.