ಅಜ್ಜನ ಕೈ ತಾಗುವ ಎತ್ತರ

ಬೆಳಗ್ಗೆ ಆರಕ್ಕೆಲ್ಲ ಕಚೇರಿಯ ಬೀಗ ತೆಗೆದು, ಕಿಟಕಿ ಪಕ್ಕದ ಮೇಜಿಗೆ ಕೂತು ಪೆನ್ಸಿಲ್ ಮೊನೆ ಮಾಡುತ್ತಾರೆ ಈ ನಕ್ಷೆಗಾರ್ತಿ. ಉಳಿದವರು ಬಂದು ಕಂಪ್ಯೂಟರ್ ಹಚ್ಚುವುದು ಒಂಬತ್ತರ ಮೇಲೆ. ಮೂವತ್ತೊಂದು ವರ್ಷ, ನಾನೂರಕ್ಕೂ ಮಿಕ್ಕಿ ಮನೆ. ಎಲ್ಲದಕ್ಕೂ ಸಹಿ ಕಚೇರಿಯ ಯಜಮಾನರಾದ ವಾಸ್ತುಶಿಲ್ಪಿಯದು. "ಅದರಲ್ಲೇನು ಬೇಜಾರಿಲ್ಲ. ಗೆರೆ ನಂದು, ಯೋಚನೆ ಅವರದು" ಎನ್ನುತ್ತಾರೆ.

ಬೇಜಾರು ಬೇರೆಯದು. ಹನ್ನೊಂದು ವರ್ಷದ ಹಿಂದೆ ಇವರ ಅಕ್ಕ ಮನೆ ಕಟ್ಟಿಸಲು ಹೊರಟು, "ನಿನ್ನ ಮನಸ್ಸಿಗೆ ಬಂದ ಹಾಗೆ ಬರಿ" ಅಂದರಂತೆ. ಮೂರು ವಾರ ಖಾಲಿ ಹಾಳೆ ಮುಂದೆ ಕೂತರೂ ಕೈ ಓಡಲಿಲ್ಲ. ಕೊನೆಗೆ ಯಜಮಾನರ ಹಳೆಯ ನಕ್ಷೆಯೊಂದರ ಮೇಲೆ ತೆಳು ಹಾಳೆ ಹಾಸಿ ಎಳೆದುಬಿಟ್ಟರು. ಅಡುಗೆಕಟ್ಟೆಯ ಅಳತೆಯೂ ಹಾಗೇ ಇಳಿಯಿತು. ಆ ಹಳೆಯ ನಕ್ಷೆಯ ಮನೆಯಾಕೆ ಆರಡಿಗೆ ಹತ್ತಿರ. ಅಕ್ಕ ಐದಡಿಯೂ ಇಲ್ಲ.

ಅಕ್ಕ ಇವತ್ತಿಗೂ ಹಲಗೆ ಮೇಲೆ ನಿಂತೇ ಒಲೆ ಹಚ್ಚುವುದು. "ತಂಗಿ ನನ್ನನ್ನ ಎತ್ತರಕ್ಕೇರಿಸಿದಾಳೆ" ಅಂತ ಬಂದವರ ಮುಂದೆ ನಗುತ್ತಾರೆ.

"ಅವಳು ನಗ್ತಾಳೆ, ನನಗೆ ನಗು ಬರಲ್ಲ. ಒಡಹುಟ್ಟಿದವಳ ಎತ್ತರ ಗೊತ್ತಿರ್ಲಿಲ್ವಾ ನನಗೆ?"

ಅಲ್ಲಿಂದೀಚೆಗೆ ಗೆರೆ ಎಳೆಯುವ ಮುಂಚೆ ಮನೆ ಕಟ್ಟಿಸುವವರ ಜೊತೆ ಎರಡು ದಿನ ಕೂತು ಬರುತ್ತಾರೆ. ಹೋದ ವರ್ಷ ಒಂದು ಸಣ್ಣ ಮನೆಗೆ, ಅಲ್ಲಿನ ಅಜ್ಜನ ಹಾಸಿಗೆಯಿಂದ ಬಚ್ಚಲವರೆಗೂ ಗೋಡೆಗುಂಟ ಒಂದು ಮರದ ಅಂಚು ಹರಿಸಿದರು. ಕೈ ಊರಿಕೊಂಡು ನಡೆಯಲಿ ಅಂತ. ನಡುವೆ ಕಿಟಕಿ ಬಂದಲ್ಲಿ ಅದೇ ಅಂಚು ಕೆಳಗಿಳಿದು ಅಗಲವಾಗಿ, ಕೂತು ದಣಿವಾರಿಸಿಕೊಳ್ಳುವ ಜಗಲಿಯಾಗುತ್ತದೆ.

"ಎಲ್ಲಿ ನೋಡಿದ್ದಮ್ಮ ಇದನ್ನ?" ಅಂದರು ಯಜಮಾನರು.

"ಯಾವುದೋ ಪುಸ್ತಕದಲ್ಲಿ ಸಾರ್" ಅಂದುಬಿಟ್ಟರು ಇವರು.

ಮನೆ ಎದ್ದಿತು. ನೋಡಲು ಜನ ಬರುತ್ತಾರೆ. ಯಜಮಾನರು ಪಾಪ, ಪ್ರಾಮಾಣಿಕವಾಗಿ ಆ ಪುಸ್ತಕವನ್ನೇ ಹೊಗಳುತ್ತಾರೆ. "ಅಕ್ಕಂಗೆ ಕದ್ದಿದ್ದನ್ನ ನಂದು ಅಂತ ಕೊಟ್ಟೆ. ಇಲ್ಲಿ ನಂದನ್ನೇ ಕದ್ದಿದ್ದು ಅಂದೆ. ಯಾವ ಮುಖ ಇಟ್ಕೊಂಡು ಹೇಳ್ಲಿ ಈಗ?"

ನಿನ್ನೆ ಯಜಮಾನರು ಆ ಪುಸ್ತಕ ತಾ ಅಂದಿದ್ದಾರೆ. ಇವರು ಇದನ್ನು ಹೇಳಿ ಮುಗಿಸುವಷ್ಟರಲ್ಲಿ ಮೆಟ್ಟಿಲಲ್ಲಿ ಅವರ ಹೆಜ್ಜೆ ಸಪ್ಪಳ.

"ತಂದ್ಯಾಮ್ಮ?"

ನಕ್ಷೆಗಾರ್ತಿ ಎದ್ದು ನಿಲ್ಲುತ್ತಾರೆ. ಕಿವಿಯವರೆಗೂ ಕೆಂಪು. "ಪುಸ್ತಕ ಇಲ್ಲ ಸಾರ್. ನಾನೇ ಯೋಚಿಸಿದ್ದು."

ಅವರು ಕನ್ನಡಕ ತೆಗೆದು ಇವರನ್ನೇ ನೋಡುತ್ತಾರೆ. "ಮತ್ತೆ ಸುಳ್ಳು ಯಾಕೆ ಹೇಳ್ದೆ?"

"ನಿಮ್ಮ ಗೆರೆ ಥರ ಇರ್ಲಿಲ್ಲ ಸಾರ್," ತಲೆ ತಗ್ಗಿಸಿಯೇ ಹೇಳುತ್ತಾರೆ. "ಅದಕ್ಕೇ ನಂದು ಅನ್ನೋಕೆ ನಾಚಿಕೆಯಾಯ್ತು."