ಒತಿಲಿಯಾ ತುಂಬಿಸಿ ಅಳಿಸಿದ ಡಿಸ್ಕು

ಗ್ವಾಟೆಮಾಲಾದ ಗುಡ್ಡಸೀಮೆಯ ಚಿಹುಯೂಬ್ ಪೇಟೆಯಲ್ಲಿ ಕಂಪ್ಯೂಟರ್ ಕೆಟ್ಟರೆ ಜನ ಒತಿಲಿಯಾ ಇಷ್ಕೊಯ್ ಅಂಗಡಿಗೇ ಬರುತ್ತಾರೆ. ಅಂಗಡಿ ಎಂದರೆ ಗಿರಣಿಯ ಗೋಡೆಗೆ ಆನಿಸಿದ ತಗಡಿನ ಗೂಡು, ಅಷ್ಟೇ. ಹದಿನೆಂಟು ವರ್ಷದಿಂದ ಅಲ್ಲಿ ಕೂತ ಆಕೆಗೆ ಒಂದೇ ಹಟ: ರಿಪೇರಿಗೆ ಬಂದ ಯಂತ್ರದೊಳಗೆ ಇಣುಕುವುದಿಲ್ಲ. ಪಾದ್ರಿಯ ಯಂತ್ರವೂ ಬಂದಿದೆ, ಪಾದ್ರಿಯನ್ನು ಬೈಯುವವರದ್ದೂ ಬಂದಿದೆ. ಯಾರು ಕೆದಕಿದರೂ "ನಂಗೇನು ಗೊತ್ತು, ನಾನು ನೋಡಲ್ಲ" ಎಂದು ಸ್ಕ್ರೂಡ್ರೈವರ್ ಎತ್ತಿಕೊಳ್ಳುತ್ತಿದ್ದಳು. ಊರು ಅವಳನ್ನು ನಂಬಿದ್ದು ಕೈಚಳಕಕ್ಕಿಂತ ಹೆಚ್ಚಾಗಿ ಈ ಮಾತಿಗೆ.

ಜನವರಿ ಹದಿನೈದು, ಹೊಸ ಮೇಯರ್ ಕುರ್ಚಿ ಏರುವ ದಿನ. ಬೆಳಿಗ್ಗೆ ಊರಿನ ಪುಟ್ಟ ರೇಡಿಯೋ ನಡೆಸುವ ಎನ್ಕಾರ್ನಾ, ಕಂಪ್ಯೂಟರನ್ನು ಕೂಸಿನ ಹಾಗೆ ಶಾಲಿನಲ್ಲಿ ಬೆನ್ನಿಗೆ ಕಟ್ಟಿಕೊಂಡು ಓಡಿಬಂದಳು.

"ಕೆಟ್ಟೆ ಕಣೇ ಒತಿ. ಇದು ಪುರಸಭೆ ಕೊಟ್ಟಿದ್ದ ಯಂತ್ರ. ಮೂರು ಗಂಟೆಗೆ ಗುಮಾಸ್ತ ಬಂದು ವಾಪಸ್ ತಗೊಂಡು ಹೋಗ್ತಾನೆ. ಆ ಹನ್ನೊಂದು ಹೆಂಗಸರ ದನಿ ಇದರಲ್ಲೇ ಇದೆ!"

ಊರಿನ ಕಾಡನ್ನು ಕಡಿಸಿ ಮಾರಿದವನು ಯಾರೆಂದು ಆ ಹನ್ನೊಂದು ಜನ ಎನ್ಕಾರ್ನಾಳ ರೆಕಾರ್ಡಿಂಗಿನಲ್ಲಿ ಗುಟ್ಟಾಗಿ ಹೆಸರು ಹೇಳಿದ್ದರು. ಆ ಹೆಸರಿನವನೇ ಇವತ್ತಿನ ಮೇಯರ್. ಹಿಂದೆ ಬಹಿರಂಗವಾಗಿ ಅದೇ ಮಾತಾಡಿದ್ದವನೊಬ್ಬನ ಮನೆ ಸುಟ್ಟು ಬೂದಿಯಾಗಿತ್ತು. ಸಾಕ್ಷ್ಯದ ಪ್ರತಿ ರಾಜಧಾನಿಯ ವಕೀಲರಿಗೆ ತಲುಪಿಯಾಗಿದೆ. ಇಲ್ಲಿರುವುದು ಮೇಯರ್ ಕೈಗೆ ಸಿಗಬಾರದು.

"ಎಲ್ಲಾನೂ ನಾನೇ ಅಳಿಸ್ದೆ. ಅಳಿಸಿದ್ದನ್ನೂ ಮತ್ತೆ ತೆಗೀಬಹುದಂತಲ್ಲ, ಅದಕ್ಕೆ ಗುರುತೇ ಸಿಗದ ಹಾಗೆ ಉಜ್ಜೋ ಸಾಫ್ಟ್‌ವೇರ್ ಹಾಕ್ದೆ. ಹಾಳಾದ್ದು, ಖಾಲಿ ಮಾಡೋ ಬದಲು ಡಿಸ್ಕನ್ನೇ ತುಂಬಿಸ್ತು! ಜಾಗ ಮುಗೀತಾ ಬಂತು ಅಂತ ಕಂಡಾಗೆಲ್ಲ ಹೆದರಿ ನಿಲ್ಲಿಸ್ದೆ. ಮೂರು ಸಲ."

"ತುಂಬಿಸೋದೇ ಅದರ ಕೆಲಸ ಮಾರಾಯ್ತಿ! ಹಳೇದಿದ್ದ ಜಾಗದ ಮೇಲೆಲ್ಲ ಕಸ ಬರೆಯತ್ತೆ. ಪೂರ್ತಿ ತುಂಬಿದ ಮೇಲೆ ಕಸಾನ ತಾನೇ ಎತ್ತಿ ಹಾಕತ್ತೆ. ನೀನು ಅರ್ಧಕ್ಕೆ ನಿಲ್ಸಿದ್ದಕ್ಕೆ ಕಸ ಅಲ್ಲೇ ಕೂತಿದೆ."

ಬಚ್ಚಿಟ್ಟ ಫೋಲ್ಡರಿನಲ್ಲಿ ದೈತ್ಯಾಕಾರದ ಮೂರು ಫೈಲುಗಳು ಸಿಕ್ಕವು. ಒತಿಲಿಯಾ ಅವನ್ನು ತೆಗೆದಳು, ಜಾಗ ಮರಳಿತು. ಆದರೆ ಮತ್ತೆ ಉಜ್ಜಬೇಕೋ ಬೇಡವೋ ತಿಳಿಯಲು, ಕಸ ಬೀಳದೆ ಉಳಿದ ಮೂಲೆಯಲ್ಲಿ ಏನಿದೆ ಎಂದು ನೋಡದೆ ವಿಧಿಯಿರಲಿಲ್ಲ. ಹದಿನೆಂಟು ವರ್ಷದ ಹಟ ಮುರಿದು ಹುಡುಕಿದಳು. ಹತ್ತು ದನಿ ಹೋಗಿದ್ದವು, ಒಂದು ಎದ್ದು ಬಂತು.

"ನನ್ನ ಹೆಸರು ಬೇಡಮ್ಮ. ಪೇಟೇಲಿ ನನ್ನ ದನಿ ಎಲ್ಲರಿಗೂ ಗೊತ್ತು..."

ಒತಿಲಿಯಾ ತಟ್ಟನೆ ದನಿ ನಿಲ್ಲಿಸಿದಳು. ದಿನವೂ ಅವಳಿಗೆ ಮೆಕ್ಕೆಜೋಳದ ಬಿಸಿ ಗಂಜಿ ಅತೋಲ್ ಕುಡಿಸುವ, ಪೇಟೆಯಲ್ಲಿ ಅದನ್ನೇ ಕೂಗಿ ಮಾರುವ ಹಸಿಂತಾ ಮುದುಕಿ!

ಹನ್ನೊಂದಕ್ಕೆ ಉಜ್ಜುವ ಕೆಲಸ ಹೊಸದಾಗಿ ಶುರುವಾಯಿತು. ನಾಲ್ಕು ಗಂಟೆ ಬೇಕು. ಗುಮಾಸ್ತ ಎರ್ಮೆಲಿಂದೊ ಎರಡೂವರೆಗೇ ವಕ್ಕರಿಸಿದ.

"ವೈರು ಕಿತ್ತು ಕೊಡಿ, ಹೊರಡ್ತೀನಿ."

"ಕಿತ್ಕೊಳ್ಳಿ ಸ್ವಾಮಿ," ಎಂದಳು ಒತಿಲಿಯಾ. "ಕೆಲಸದ ಮಧ್ಯೆ ಕಿತ್ತು ಡಿಸ್ಕು ಸತ್ತೋದ್ರೆ, ನಿಮ್ಮ ಕೈಯಲ್ಲೇ ಸತ್ತಿತು ಅಂತ ಪುರಸಭೆ ಸಾಮಾನಿನ ಪಟ್ಟೀಲಿ ಬರ್ದು ನೀವೇ ಸಹಿ ಹಾಕ್ಬಿಡಿ."

ಹೊಸ ಸಾಹೇಬರ ಮೊದಲ ದಿನವೇ ಅಂಥ ಸಹಿ ಹಾಕಲು ಅವನಿಗೇನು ಹುಚ್ಚೇ? ತೆಪ್ಪಗೆ ಸ್ಟೂಲಿನ ಮೇಲೆ ಕೂತು, ಅತೋಲ್ ತರಲು ಕೂಗು ಹಾಕಿದ. ಬಂದವಳು ಹಸಿಂತಾ.

"ಏನಪ್ಪಾ, ಮೊದಲ ದಿನವೇ ಕೆಲಸಕ್ಕೆ ಚಕ್ಕರ್ರಾ?" ಎಂದು ಅವಳು ಲೋಟ ಕೊಟ್ಟಳು. ಅದೇ ದನಿ, ಗಿರಣಿಯ ಸದ್ದನ್ನೂ ಮೀರಿಸುವ ದನಿ. ಅದು ಅಳಿಯುತ್ತಿದ್ದ ಪೆಟ್ಟಿಗೆಗೂ ಅವಳಿಗೂ ಒಂದು ಗೇಣು ಅಂತರ.

ಆಗಲೇ ಪರದೆಯ ಮೇಲೆ ಎಚ್ಚರಿಕೆ ಮೂಡಿತು: ಜಾಗ ಮುಗಿಯುತ್ತಿದೆ. ಎನ್ಕಾರ್ನಾಳ ಕೈ ಅಭ್ಯಾಸಬಲದಿಂದ ಮೌಸಿನತ್ತ ಹಾರಿತು. ಒತಿಲಿಯಾ ಮೇಜಿನ ಕೆಳಗೆ ಅವಳ ಕಾಲು ತುಳಿದಳು.

"ಏನದು?" ಗುಮಾಸ್ತ ಬಗ್ಗಿದ.

"ತುಂಬ್ತಾ ಇದೆ. ತುಂಬಲಿ ಬಿಡಿ."

ಮೂರು ಗಂಟೆ ದಾಟಿ ಹತ್ತು ನಿಮಿಷಕ್ಕೆ ಡಿಸ್ಕು ಪೂರ್ತಿ ತುಂಬಿತು, ಮರುಕ್ಷಣ ತಾನೇ ಖಾಲಿಯಾಯಿತು. ಪರದೆಯನ್ನು ತನ್ನತ್ತ ತಿರುಗಿಸಿಕೊಂಡು ಒತಿಲಿಯಾ ಮತ್ತೊಮ್ಮೆ ಹುಡುಕಿದಳು. ಒಂದು ದನಿಯೂ ಏಳಲಿಲ್ಲ. ಗುಮಾಸ್ತ ಸಹಿ ಹಾಕಿ, ಯಂತ್ರವನ್ನು ಹೆಗಲಿಗೇರಿಸಿ ನಡೆದ.

ಹಸಿಂತಾ ಲೋಟ ಒರೆಸುತ್ತಾ ಕೇಳಿದಳು: "ಅದ್ಯಾಕ್ರೇ ಇಬ್ರೂ ಹೆಣ ಕಂಡೋರ ಥರ ಕೂತಿದ್ರಿ? ಏನಿತ್ತು ಅದರಲ್ಲಿ?"

"ನಂಗೇನು ಗೊತ್ತಜ್ಜಿ," ಎಂದಳು ಒತಿಲಿಯಾ. "ನಾನು ನೋಡಲ್ಲ."

ಹದಿನೆಂಟು ವರ್ಷದಲ್ಲಿ ಆ ಮಾತು ಮೊದಲ ಬಾರಿಗೆ ಸುಳ್ಳಾಗಿತ್ತು. ಕಣ್ಣು ತುಂಬಿ ಬಂದದ್ದು ಕಾಣದಿರಲೆಂದು ಆಕೆ ಸ್ಕ್ರೂಡ್ರೈವರ್ ಎತ್ತಿಕೊಂಡಳು.