ಅಮಾವಾಸ್ಯೆಯ ದಿನ ಗಿರಣಿಗೆ ಬಂದ ಪೆಟ್ಟಿಗೆ

ಪೆಟ್ಟಿಗೆ ಕೆಟ್ಟಿರಲಿಲ್ಲ. ಕೆಟ್ಟಿದ್ದು ನನ್ನ ಗಿರಣಿಯ ಅರ್ಥಿಂಗ್. ಅದು ಅಂದು ಸಂಜೆಯೇ ನನಗೆ ಗೊತ್ತಾಗಿತ್ತು, ನಾನು ಬಾಯಿ ಬಿಡಲಿಲ್ಲ. ನಡೆದದ್ದು ಇಷ್ಟೇ. ಮೊಮ್ಮಗಳು ಇದನ್ನು ತನಗೆ ತಿಳಿದ ಹಾಗೆ ಹೇಳಿಕೊಂಡು ತಿರುಗುತ್ತಿದ್ದಾಳೆ, ಅದಕ್ಕೇ ಬರೆಯಲು ಕೂತೆ.

ಅವಳು ನನ್ನ ಮಗಳ ಮಗಳು. ಹುಮನಾಬಾದಿನಲ್ಲಿ ಹಲ್ಲಿನ ದವಾಖಾನೆಯಲ್ಲಿ ಕೆಲಸ, ಅಲ್ಲೇ ಬಾಡಿಗೆ ಮನೆ. ಬಿಡುವಾದಾಗ ಕರೆಂಟಿನ ಗಿಟಾರ್ ಬಾರಿಸುತ್ತಾಳೆ. ಆ ಗಿಟಾರಿಗೆ ಸ್ವಂತ ದನಿ ಇಲ್ಲ, ಆಂಪ್ ಎಂಬ ಪೆಟ್ಟಿಗೆಗೆ ಜೋಡಿಸಿದರಷ್ಟೇ ಅದು ಮಾತಾಡುತ್ತದೆ. ಪಗಾರ ಉಳಿಸಿ ಹೊಸ ಆಂಪ್ ತರಿಸಿದಳು. ಮೊದಲ ದಿನವೇ ಮನೆ ಮಾಲೀಕ ಮೇಲಿನಿಂದ ಇಳಿದು ಬಂದು, ಒಂದೋ ಪೆಟ್ಟಿಗೆ ಹೊರಗೆ, ಇಲ್ಲವೇ ನೀನು ಹೊರಗೆ ಎಂದನಂತೆ. ವಾಪಸ್ ಒಯ್ಯಲು ಪಾರ್ಸೆಲಿನವನಿಗೆ ಹೇಳಿದ್ದೂ ಆಯಿತು. ಅವನು ಬರುವ ಹಿಂದಿನ ದಿನ ಅವಳು ರಜೆ ಹಾಕಿ, ಪೆಟ್ಟಿಗೆಯನ್ನು ಬಸ್ಸಿಗೆ ಏರಿಸಿಕೊಂಡು ಬಸವಕಲ್ಯಾಣಕ್ಕೆ, ನನ್ನ ಹಿಟ್ಟಿನ ಗಿರಣಿಗೆ ಬಂದಳು.

"ಆಯಿ, ಇದಕ್ಕ ಜಾಗಾ ಅಂತ ಇದ್ರ ನಿನ್ನ ಗಿರಣಿನೇ. ಇಲ್ಲಿ ಸದ್ದು ಯಾರಿಗೂ ಹೊಸದಲ್ಲ. ಹೂಂ ಅಂದ್ರ ಇಲ್ಲೇ ಇಡ್ತೀನಿ, ಐತವಾರ ಸೂಟಿಗಿ ಬಂದು ಬಾರಸ್ತೀನಿ. ಒಲ್ಲೆ ಅಂದ್ರ ನಾಳೆ ವಾಪಸ್."

"ಮೊದಲ ಅದರ ಸದ್ದು ಕೇಳ್ತೀನಿ," ಎಂದೆ. ಕಾಳು ನೋಡದೆ ಬೀಸುವ ಚಾಳಿ ನನಗಿಲ್ಲ.

ಅಂದು ಅಮಾವಾಸ್ಯೆ. ನಮ್ಮ ಕಡೆ ಆ ದಿನ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ನನ್ನ ಗಂಡ ಬೀಸುವ ಕಲ್ಲಿಗೂ ಅದೇ ರಜೆ ಕೊಟ್ಟಿದ್ದ. ಅವನು ಹೋದ ಮೇಲೂ ನಾನು ಒಂದು ಅಮಾವಾಸ್ಯೆ ತಪ್ಪಿಸಿಲ್ಲ. ಭಕ್ತಿಯಿಂದ ಅಲ್ಲ, ತಿಂಗಳಿಗೊಂದು ದಿನ ಸೊಂಟಕ್ಕೂ ಆರಾಮ ಬೇಕು.

ಕರಿ ಪೆಟ್ಟಿಗೆ, ಮುಂದೆ ಜಾಳಿಗೆ, ಮೇಲೆ ಸಾಲಾಗಿ ತಿರುಗಿಸುವ ಬಟನ್‌ಗಳು. ಅವಳು ಒಂದೊಂದನ್ನೂ ಕೊನೆಯ ತನಕ ತಿರುಗಿಸಿ, ತಂತಿಗೆ ಒಂದೇಟು ಹಾಕಿದಳು.

ನಾನು ಹೋಗಿ ಮೇನ್ ಸ್ವಿಚ್ ಎಳೆದೆ. ವಿಚಾರ ಮಾಡಿ ಎಳೆದದ್ದಲ್ಲ, ಕೈ ತಾನೇ ಹೋಯಿತು. ಕಾಳು ಮುಗಿದು ಕಲ್ಲಿಗೆ ಕಲ್ಲು ಉಜ್ಜಿದರೆ ಇದೇ ಸದ್ದು ಬರುತ್ತದೆ. ತಡ ಮಾಡಿದರೆ ಕಲ್ಲಿನ ಹಲ್ಲು ಹೋಗುತ್ತದೆ.

"ಯಾಕ ಬಂದ್ ಮಾಡ್ದಿ?"

"ಖಾಲಿ ಓಡಾಕತ್ತದ. ಕೆಟ್ಟದ ಇದು."

"ಕೆಟ್ಟಿಲ್ಲ ಆಯಿ, ಅದರ ಸದ್ದೇ ಹಂಗ. ಗೇನ್ ಏರಿಸಿದಂಗ ಸದ್ದು ಉಬ್ಬಿ ಉಬ್ಬಿ ಒಡೀತದ. ಒಡೆದ ಸದ್ದೇ ಬೇಕು. ಇದು ಹೈ ಗೇನ್, ಅದಕ್ಕೇ ರೊಕ್ಕ ಜಾಸ್ತಿ."

"ಒಡೆಯೋದಕ್ಕ ರೊಕ್ಕ ಜಾಸ್ತಿ ಏನು? ನಮ್ಮ ಮನ್ಯಾಗ ಎಲ್ಲಾ ಪುಕ್ಕಟೆ ಒಡೀತಾವ."

ಮತ್ತೆ ಚಾಲೂ ಮಾಡಿದೆ. ಅವಳು ಬಾರಿಸಿದಳು. ಸ್ವಲ್ಪ ಹೊತ್ತಿಗೆ ಬಳೆ ಮಾರುವ ಆಪಾ ಕಂಕುಳಲ್ಲಿ ಜೋಳದ ಡಬ್ಬಿ ಇಟ್ಟುಕೊಂಡು ಬಂದಳು. ಹಿಂದೆ ಇನ್ನೂ ಮೂವರು, ಅವರ ಹತ್ತಿರವೂ ಡಬ್ಬಿ. ನಮ್ಮ ಓಣಿಯವರು ಗಿರಣಿ ಶುರುವಾದದ್ದನ್ನು ಕಿವಿಯಿಂದಲೇ ತಿಳಿದು ಬರುವವರು.

"ಏನ್ರೀ ಅಮ್ಮಾ, ಅಮಾಸಿಗಿ ಗಿರಣಿ ಚಾಲೂ ಮಾಡೀರಿ? ನಿಮ್ಮ ಯಜಮಾನ್ರ ಕಾಯ್ದೆ ಮುಗೀತೇನು?"

"ನಂದಲ್ಲ ಆಪಾ, ಇವಳ ಗಿರಣಿ."

ಆಪಾ ಪೆಟ್ಟಿಗೆಯನ್ನು ಸುತ್ತು ಹಾಕಿ ನೋಡಿದಳು. "ಜೋಳ ಎಲ್ಲಿಂದ ಹಾಕ್ತಾರ್ರಿ ಇದಕ್ಕ?" ಎಂದಳು. ನಗು ಹೊಟ್ಟೆಯೊಳಗಿತ್ತು, ಮುಖದ ಮೇಲೆ ಇರಲಿಲ್ಲ.

ಹೊತ್ತು ತಂದ ಡಬ್ಬಿ ವಾಪಸ್ ಒಯ್ಯಲು ಯಾರಿಗೂ ಮನಸ್ಸಿಲ್ಲ. ನಾಲ್ಕೂ ಡಬ್ಬಿ ಬಾಗಿಲಲ್ಲಿ ಪಾಳಿಗೆ ಇಟ್ಟು, ನಿಂತು ಕೇಳಿದರು. "ಕಬ್ಬಿನ ಟ್ರ್ಯಾಕ್ಟರ್‌ಗಿ ಗೇರ್ ಬೀಳದಂಗ ಆಗ್ಯಾದ," ಎಂದಳು ಒಬ್ಬಳು. ಮೊಮ್ಮಗಳ ಮುಖ ಸಣ್ಣದಾಯಿತು.

ಅವರು ಹೋದ ಮೇಲೆ ನಾನು ಹೇಳಿದೆ, "ತಿರುಪು ಬಿಗಿ ಆಗ್ಯಾದ, ಸಡ್ಲ ಮಾಡು."

ಗಿರಣಿಯಲ್ಲಿ ತಿರುಪು ಬಿಗಿದರೆ ಕಲ್ಲು ಹತ್ತಿರ ಬಂದು ಹಿಟ್ಟು ಸಣ್ಣಗಾಗುತ್ತದೆ, ಸಡಿಲಿಸಿದರೆ ರವೆ ಬೀಳುತ್ತದೆ. ಅವಳು ಬಾರಿಸಿದ್ದೆಲ್ಲ ಹಿಟ್ಟಾಗಿ ಹಾರುತ್ತಿತ್ತು. ಅವಳು ಗೇನಿನ ಬಟನ್ ಅರ್ಧಕ್ಕೆ ಇಳಿಸಿದಳು. ಸದ್ದು ಒಡಕೇ ಇತ್ತು, ಆದರೆ ಈಗ ಕಾಳು ಕಾಳಾಗಿ ಬಿತ್ತು, ಬೆರಳು ಯಾವಾಗ ಯಾವ ತಂತಿಗೆ ಹೋಯಿತೆಂದು ನನಗೂ ತಿಳಿಯಿತು.

"ಆಯಿ, ನಿನಗ ಇದು ಹ್ಯಾಂಗ ಗೊತ್ತು?"

"ರವಾ ಬೇಕಾದ್ರ ಯಾರೂ ಬಿಗಿಯಂಗಿಲ್ಲ."

ಅಲ್ಲಿಗೆ ಮುಗಿಯಬಹುದಿತ್ತು. ಬಾರಿಸುವುದು ನಿಲ್ಲಿಸಿದರೂ ಪೆಟ್ಟಿಗೆ ಗುಂಯ್ ಎನ್ನುತ್ತಲೇ ಇತ್ತು. ಅದರ ಕಬ್ಬಿಣದ ಮೂಲೆಗೆ ಅವಳ ಕೈ ತಾಗಿತು, ತಟ್ಟನೆ ಹಿಂದೆ ತೆಗೆದಳು.

"ಜುಮ್ ಅಂತು. ಹುಮನಾಬಾದಿನ್ಯಾಗ ಹಿಂಗ ಇರ್ಲಿಲ್ಲ. ಬಸ್ಸಿನ್ಯಾಗ ಏಟು ಬಿದ್ದು ಕೆಟ್ಟದ."

ಜುಮ್ ಎಂದ ಕೂಡಲೇ ನನಗೆ ತಿಳಿಯಿತು. ಗೋಡೆಯ ಹಿಂದೆ ನಮ್ಮ ಅರ್ಥಿಂಗ್ ಗುಂಡಿ ಇದೆ. ಅದು ಒಣಗಿದರೆ ಮೋಟಾರೂ ಹೀಗೇ ಕೈ ಹಿಡಿಯುತ್ತದೆ. ಉಪ್ಪು ಹಾಕಿ ನೀರು ಬಿಡುತ್ತಿರಬೇಕು. ಸೊಂಟ ನೋವೆಂದು ಎರಡು ತಿಂಗಳಿಂದ ನೀರು ಬಿಟ್ಟಿರಲಿಲ್ಲ. ರಬ್ಬರ್ ಚಪ್ಪಲಿ ಹಾಕಿ ಹಲಗೆಯ ಮೇಲೆ ನಿಲ್ಲುವ ನನಗೆ ಅದು ಗೊತ್ತೇ ಆಗಿರಲಿಲ್ಲ.

ಆದರೆ ಐತವಾರಕ್ಕೊಮ್ಮೆ ಈ ಸದ್ದು, ಬಾಗಿಲಲ್ಲಿ ಡಬ್ಬಿ, ಓಣಿಯವರ ಮಾತು, ಎಲ್ಲ ಕಣ್ಣ ಮುಂದೆ ಬಂತು.

"ಕೆಟ್ಟಿದ್ರ ವಾಪಸ್ ಕೊಟ್ಟುಬಿಡು," ಎಂದೆ.

ಅವಳು ಅತ್ತಿದ್ದರೆ ನಾನು ಕರಗುತ್ತಿರಲಿಲ್ಲ, ಅಳುವವರನ್ನು ಬಹಳ ನೋಡಿದ್ದೇನೆ. ಅವಳು ಮೊಳೆಗೆ ನೇತುಹಾಕಿದ್ದ ನನ್ನ ಬ್ರಶ್ ತೆಗೆದುಕೊಂಡು, ಪೆಟ್ಟಿಗೆಯ ಬಟನ್‌ಗಳ ಸಂದಿಯಲ್ಲಿ ಕೂತ ಹಿಟ್ಟನ್ನು ಒಂದೊಂದಾಗಿ ತೆಗೆದಳು. ಮೇಲಿನಿಂದ ಕೆಳಗೆ, ಕೊನೆಗೆ ಊದಿ. ನಾನು ಕಲ್ಲು ಒರೆಸುವುದು ಹಾಗೇ. ಇದನ್ನು ನಾನು ಯಾರಿಗೂ ಕಲಿಸಿಲ್ಲ. ವಾಪಸ್ ಹೋಗುವ ಮಷೀನಿಗೆ ಇಷ್ಟು ಮಾಡುವವಳು ಇಟ್ಟುಕೊಂಡಿದ್ದಕ್ಕೆ ಎಷ್ಟು ಮಾಡಿಯಾಳು ಎಂದು ಅನ್ನಿಸಿತು. ರೊಟ್ಟಿ ಬಡಿದು ಹಾಕಿದೆ, ಉಂಡು ಮಲಗಿದೆವು.

ಮರುದಿನ ಬೆಳಗಾಗುತ್ತಲೇ ಡಬ್ಬಿಯಲ್ಲಿದ್ದ ಹರಳುಪ್ಪನ್ನೆಲ್ಲ ಗುಂಡಿಗೆ ಸುರಿದು, ಸೊಂಟ ಹಿಡಿದುಕೊಂಡು ಐದು ಕೊಡ ನೀರು ಹೊಯ್ದೆ. ಮೊಮ್ಮಗಳು ಪೆಟ್ಟಿಗೆ ಎತ್ತಿಕೊಂಡು ಬಸ್ ಸ್ಟ್ಯಾಂಡಿಗೆ ಹೊರಟಿದ್ದಳು. ನೀರು ಇಂಗುವ ತನಕ ನಿಲ್ಲಿಸಿ, ಇನ್ನೊಮ್ಮೆ ಜೋಡಿಸು ಎಂದೆ. ಗುಂಯ್ ಇರಲಿಲ್ಲ. ಕಬ್ಬಿಣದ ಮೂಲೆಯನ್ನು ಮೊದಲು ನಾನೇ ಮುಟ್ಟಿದೆ. ಜುಮ್ ಎನ್ನಲಿಲ್ಲ.

ಅವಳು ನನ್ನ ಒದ್ದೆ ಸೀರೆಯ ಅಂಚು ನೋಡಿದಳು. "ನಿನಗ ನಿನ್ನೆನೇ ಗೊತ್ತಿತ್ತಲ್ಲ?"

"ಹೂಂ. ಪಾರ್ಸೆಲಿನವನಿಗಿ ಬರಬ್ಯಾಡ ಅಂತ ಫೋನ್ ಹಚ್ಚು. ಅಮಾಸಿ ದಿನ ಮಾತ್ರ ಮುಟ್ಟಬ್ಯಾಡ."

ಅವಳು ಫೋನ್ ಹಚ್ಚಿದಳು. ನಾನು ಗಿರಣಿ ಶುರು ಮಾಡಿ, ಪಾಳಿಯಲ್ಲಿ ಮೊದಲಿದ್ದ ಆಪಾಳ ಜೋಳ ಬೀಸಲು ಹಾಕಿದೆ.